ಬಯಾಸ್‌ನಲ್ಲಿ ಕಾಣುವ ಹೊಸ ಎಸ್‌ಎಸ್‌ಡಿ ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಯಾಕೆ ಕಾಣಲ್ಲ?

ದಯವಿಟ್ಟು ಡ್ರೈವ್ ವಾಪಸ್ ಕೊಡಬೇಡಿ. 12ನೇ ಜನರೇಶನ್ ಇಂಟೆಲ್ ಲ್ಯಾಪ್‌ಟಾಪಿಗೆ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿದ್ದೀರಿ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಅದರ ಹೆಸರು ಬರುತ್ತದೆ, ವಿಂಡೋಸ್ 11 ಹಾಕಲು ಹೋದರೆ ಡಿಸ್ಕ್ ತೋರಿಸುವ ಜಾಗ ಖಾಲಿ ಎಂದು ಬರೆದಿದ್ದೀರಿ. ಬಯಾಸ್‌ನಲ್ಲಿ ಹೆಸರು ಬಂತೆಂದರೆ ಡ್ರೈವ್ ಸರಿಯಾಗಿ ಕೂತಿದೆ, ಬಹುತೇಕ ಕೆಟ್ಟೂ ಇಲ್ಲ. ಇನ್‌ಸ್ಟಾಲರ್ ಹತ್ತಿರ ಒಂದು ಡ್ರೈವರ್ (ಡ್ರೈವ್ ಜೊತೆ ಮಾತಾಡಲು ಬೇಕಾದ ಸಣ್ಣ ಸಾಫ್ಟ್‌ವೇರ್) ಇಲ್ಲ, ಅಷ್ಟೇ.

ನಾನು ವಿಜಯಪುರದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಹೋದ ವರ್ಷ ತಿಕೋಟಾ ಕಡೆಯ ಒಬ್ಬ ಇಂಜಿನಿಯರಿಂಗ್ ಹುಡುಗ ಅಪ್ಪನನ್ನು ಕರೆದುಕೊಂಡು ಬಂದಿದ್ದ. ಇನ್ನೊಂದು ಅಂಗಡಿಯಲ್ಲಿ ‘ಎಸ್‌ಎಸ್‌ಡಿ ಹೋಗಿದೆ’ ಎಂದು ಹೇಳಿ ಎರಡನೆಯದನ್ನೂ ಕೊಳ್ಳುವಂತೆ ಮಾಡಿದ್ದರು. ಅದೂ ಕಾಣಲಿಲ್ಲ. ಮಣೂಕ (ಒಣದ್ರಾಕ್ಷಿ) ಮಾರಿ ಬಂದ ರೊಕ್ಕ ಅದು. ‘ಎರಡೂ ಖೊಟ್ಟಿ ಮಾಲ್ ಏನ್ರಿ ಸರ?’ ಎಂದು ಅಪ್ಪ ಕೇಳಿದಾಗ ನನಗೆ ಬಹಳ ಸಂಕಟವಾಯಿತು. ಎರಡೂ ಚೆನ್ನಾಗಿಯೇ ಇದ್ದವು. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇಂಟೆಲ್ 11ನೇ ಜನರೇಶನ್‌ನಿಂದ ಈಚೆಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್‌ಗಳನ್ನು ನೋಡಿಕೊಳ್ಳುವ ವಿಎಂಡಿ ಎಂಬ ವ್ಯವಸ್ಥೆ ಆನ್ ಆಗಿಯೇ ಬರುತ್ತದೆ. ನಮ್ಮ ಕಡೆಯ ವಾಡೆ ನೆನೆಸಿಕೊಳ್ಳಿ: ಒಳಗೆ ನಾಲ್ಕು ಮನೆ ಇದ್ದರೂ ಬೀದಿಗೆ ಕಾಣುವುದು ಒಂದೇ ದೊಡ್ಡ ಬಾಗಿಲು. ವಿಎಂಡಿ ಆ ಬಾಗಿಲು, ಎಸ್‌ಎಸ್‌ಡಿ ಒಳಗಿನ ಮನೆ. ಎನ್‌ವಿಎಂಇ ಡ್ರೈವ್ ನಡೆಸುವ ಡ್ರೈವರ್ ವಿಂಡೋಸ್‌ನಲ್ಲೇ ಇದೆ, ಆದರೆ ದೊಡ್ಡ ಬಾಗಿಲು ತೆಗೆಯುವ ಕೀಲಿ ಇಂಟೆಲ್‌ನ ಆರ್‌ಎಸ್‌ಟಿ (ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ) ಡ್ರೈವರ್‌ನಲ್ಲಿದೆ. (ರೈಜನ್ ಪ್ರೊಸೆಸರ್ ಇದ್ದವರಿಗೆ ಈ ಮಾತು ಅನ್ವಯಿಸುವುದಿಲ್ಲ.)

ಬೇರೆ ಕಂಪ್ಯೂಟರಿನಲ್ಲಿ ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟಕ್ಕೆ ಹೋಗಿ, ಮಾಡೆಲ್ ನಂಬರ್ ಹಾಕಿ, ಸ್ಟೋರೇಜ್ ವಿಭಾಗದಲ್ಲಿ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಳ್ಳಿ. ‘ಎಫ್6’ ಎಂದು ಬರೆದ ಜಿಪ್ ಫೈಲ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಎಕ್ಸ್‌ಪಿ ಕಾಲದಲ್ಲಿ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುತ್ತಿದ್ದೆವು, ಆ ಹೆಸರು ಇನ್ನೂ ಉಳಿದಿದೆ. ಹೆಚ್ಚಿನವರು ಇಲ್ಲೇ ಎಡವುತ್ತಾರೆ: ಜಿಪ್ ಅನ್ನು ಹಾಗೇ ಪೆನ್‌ಡ್ರೈವ್‌ಗೆ ಹಾಕಿದರೆ ಇನ್‌ಸ್ಟಾಲರ್ ಅದನ್ನು ಓದುವುದಿಲ್ಲ. ಬಿಚ್ಚಿ, ಒಳಗೆ ಐಎನ್‌ಎಫ್ ಫೈಲ್ ಇರುವ ಫೋಲ್ಡರನ್ನು ಹಾಕಬೇಕು. ವಿಂಡೋಸ್ ಇರುವ ಪೆನ್‌ಡ್ರೈವ್‌ಗೇ ಹಾಕಿದರೂ ನಡೆಯುತ್ತದೆ.

ಆಮೇಲೆ ಆ ಖಾಲಿ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ, ‘ಬ್ರೌಸ್’ ಮಾಡಿ ಆ ಫೋಲ್ಡರ್ ತೋರಿಸಿ. ನಿಮ್ಮ 12ನೇ ಜನರೇಶನ್‌ಗೆ ಹೆಸರಿನ ಕೊನೆಗೆ 467ಎಫ್ ಇರುವ ಆರ್‌ಎಸ್‌ಟಿ ವಿಎಂಡಿ ಕಂಟ್ರೋಲರ್ ಬರುತ್ತದೆ. ಅದನ್ನು ಆರಿಸಿ. ಟಚ್‌ಪ್ಯಾಡ್ ಕೆಲವೊಮ್ಮೆ ಅಲ್ಲಿ ಕೆಲಸ ಮಾಡುವುದಿಲ್ಲ, ಒಂದು ಯುಎಸ್‌ಬಿ ಮೌಸ್ ಕೈಯಲ್ಲಿರಲಿ.

ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಡ್ರೈವ್ ಕಾಣುತ್ತದೆ. ಏಸರ್‌ನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆ ಆಯ್ಕೆ ಅಡಗಿರುತ್ತದೆ, ಮೇನ್ ಟ್ಯಾಬ್‌ನಲ್ಲಿ ಕಂಟ್ರೋಲ್ ಜೊತೆ ಎಸ್ ಒತ್ತಿದರೆ ಹೊರಬರುತ್ತದೆ. ಆದರೆ ಹಳೆಯ ಡ್ರೈವ್ ಒಳಗೇ ಇದ್ದು ಅದರಲ್ಲಿ ವಿಂಡೋಸ್ ಇದ್ದರೆ ಈ ದಾರಿ ಹಿಡಿಯಬೇಡಿ. ಅದು ಬೂಟ್ ಆಗದೆ ನಿಂತೀತು, ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕೇಳೀತು. ಹಾಗಾದರೆ ಗಾಬರಿಯಾಗದೆ ವಿಎಂಡಿ ಮತ್ತೆ ಆನ್ ಮಾಡಿ.

ಡಿಸ್ಕ್‌ಪಾರ್ಟ್ (ವಿಂಡೋಸ್‌ನ ಡಿಸ್ಕ್ ಸಾಧನ) ತೆರೆದು, ಡಿಸ್ಕ್ ಅಳಿಸುವ ‘ಕ್ಲೀನ್’ ಆದೇಶ ಕೊಡಿ ಎಂದು ನಿಮಗೆ ಯಾರೋ ಹೇಳಿದ್ದಾರಲ್ಲ, ಈಗ ಅದರ ಕೆಲಸವಿಲ್ಲ. ಕಾಣದ ಡಿಸ್ಕನ್ನು ಅದು ಹೇಗೆ ಅಳಿಸೀತು? ಬೇರೆ ಡಿಸ್ಕ್ ಆಯ್ಕೆಯಾಗಿದ್ದರೆ ಅದರಲ್ಲಿದ್ದುದೆಲ್ಲ ಹೋಗುತ್ತದೆ.

ಡ್ರೈವರ್ ಹತ್ತಿದ ತಕ್ಷಣ ಆ ಹುಡುಗನ ಪರದೆಯ ಮೇಲೆ ‘ಡ್ರೈವ್ 0’, 931.5 ಜಿಬಿ ಎಂದು ಬಂತು. ‘ಸಾವಿರ ಅಂದಿದ್ರಲ್ರಿ, ಉಳಿದದ್ದು ಎಲ್ಲಿ ಹೋತು?’ ಎಂದರು ಅಪ್ಪ. ನಿಮಗೂ ಹಾಗೇ ಕಂಡೀತು. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಜಾಗ ಏನೂ ಕಡಿಮೆಯಾಗಿರುವುದಿಲ್ಲ, ಆ ಸಾಲನ್ನು ಆರಿಸಿ ‘ನೆಕ್ಸ್ಟ್’ ಒತ್ತಿ.