ಓಬವ್ವ ಒನಕೆ ಎತ್ತಿದ ಪುಟಕ್ಕೆ ಎಷ್ಟು ಕೇಳಲಿ?

ಚಿತ್ರ, ಚೌಕಟ್ಟು, ಬೆಲೆ: ಓದುಗರ ಪ್ರಶ್ನೆಗಳಿಗೆ ದಾವಣಗೆರೆ ಮಂಡಿಪೇಟೆಯ ಫ್ರೇಮ್ ಅಂಗಡಿಯವರ ಉತ್ತರ

ಪ್ರಶ್ನೆ: ಒನಕೆ ಓಬವ್ವನ ಕತೆಯನ್ನು 24 ಪುಟದ ಕಾಮಿಕ್ಸ್ ಮಾಡಿದ್ದೇನೆ. ನಾವೇ 500 ಪ್ರತಿ ಅಚ್ಚು ಹಾಕಿಸಿ ಶಾಲೆಗಳಲ್ಲಿ ಮಾರಿದೆವು. ಈಗ ಬೆಂಗಳೂರಿನವರೊಬ್ಬರು ಕೈಯಲ್ಲಿ ಬರೆದ ಮೂಲ ಹಾಳೆಗಳೇ ಬೇಕು, ಮೂರು ಪುಟ ಕೊಡಿ ಅಂತಿದ್ದಾರೆ. ಎ3 ಕಾರ್ಟ್ರಿಡ್ಜ್ ಹಾಳೆ, ಇಂಡಿಯನ್ ಇಂಕ್. ಮಾತು, ಬಣ್ಣ ಎರಡನ್ನೂ ಕಂಪ್ಯೂಟರಿನಲ್ಲಿ ಸೇರಿಸಿದ್ದು. ಪುಟಕ್ಕೆ 500 ರೂಪಾಯಿ ಹೇಳೋಣ ಅಂತಿದ್ದೇನೆ. ಏಳು ಸುತ್ತಿನ ಕೋಟೆಯ ಪುಟಕ್ಕೆ ಮಾತ್ರ ಜಾಸ್ತಿ ಕೇಳಬೇಕು, ಅದಕ್ಕೆ ಒಂದು ವಾರ ಹಿಡಿಯಿತು. ನಮ್ಮಣ್ಣ ಮಾತ್ರ, ‘ಅಮೆರಿಕದಲ್ಲಿ ಒಂದು ಪುಟ 25 ಕೋಟಿಗೆ ಹೋಗಿದೆ, ನೀನು 50 ಸಾವಿರವಾದರೂ ಕೇಳು’ ಅಂತಾನೆ. ಏನು ಮಾಡಲಿ?
– ಒಬ್ಬ ಓದುಗಿ, ಚಿತ್ರದುರ್ಗ

ಉತ್ತರ: ನಿಮ್ಮಣ್ಣ ಹೇಳಿದ ಸುದ್ದಿ ನಿಜ ಕಣಮ್ಮ. 1984ರ ‘ಸೀಕ್ರೆಟ್ ವಾರ್ಸ್’ ಅನ್ನೋ ಕಾಮಿಕ್ಸಿನ 8ನೇ ಸಂಚಿಕೆಯ ಒಂದು ಪುಟ ಅದು, ಚಿತ್ರ ಬರೆದವರು ಮೈಕ್ ಝೆಕ್. 2022ರ ಜನವರಿಯಲ್ಲಿ ಹೆರಿಟೇಜ್ ಹರಾಜಿನವರು 33.6 ಲಕ್ಷ ಡಾಲರಿಗೆ ಮಾರಿದರು. ಅದರಲ್ಲಿ ಹರಾಜಿನವರ ಕಮಿಷನ್ನೂ ಸೇರಿದೆ, ಸುದ್ದಿ ಓದಿದವರು ಅದನ್ನು ಮರೆತುಬಿಡುತ್ತಾರೆ.

ಅಷ್ಟು ದುಡ್ಡು ಯಾಕೆ ಬಂತು? ಸ್ಪೈಡರ್‌ಮ್ಯಾನ್ ಮೈಗೆ ಕಪ್ಪು ಉಡುಪು ಹತ್ತಿಕೊಳ್ಳುವುದು ಆ ಪುಟದಲ್ಲಿ. ಮುಂದೆ ವೆನಮ್ ಅನ್ನೋ ಖಳ ಹುಟ್ಟಿದ್ದು ಅದೇ ಉಡುಪಿನಿಂದ. ಚಿಕ್ಕಂದಿನಲ್ಲಿ ಅದನ್ನು ಓದಿದ ಹುಡುಗರು ಈಗ ದುಡ್ಡಿರುವ ಗಂಡಸರಾಗಿದ್ದಾರೆ. ಅದೇ ಸಂಚಿಕೆಗೆ ಅದೇ ಕೈ ಬರೆದ ಇನ್ನೊಂದು ಪುಟ ತಂದಿಟ್ಟರೆ ಆ ರೇಟಿನ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ನಿಮ್ಮಣ್ಣನ ಕೋಟಿಯನ್ನು ಬಿಡಿ, ಅದರ ಹಿಂದಿನ ಲೆಕ್ಕವನ್ನು ಮಾತ್ರ ಇಟ್ಟುಕೊಳ್ಳಿ. ಪುಟದಲ್ಲಿ ಏನು ನಡೆಯುತ್ತದೆ ಅನ್ನೋದಕ್ಕೆ ಬೆಲೆ.

ಈಗ ನಿಮ್ಮ ಕೋಟೆಯ ಪುಟಕ್ಕೆ ಬರೋಣ. ಒಂದು ವಾರ ಕೂತು ಬಂಡೆ, ಬತೇರಿ, ಬಾಗಿಲು ಎಲ್ಲ ಬರೆದಿದ್ದೀರಿ. ನನಗೆ ಗೌರವ ಇದೆ. ಆದರೆ ಕೊಳ್ಳುವವರು ಪಟ್ಟ ಕಷ್ಟಕ್ಕೆ ದುಡ್ಡು ಕೊಡುವುದಿಲ್ಲ. ಆ ಪುಟದಲ್ಲಿ ಓಬವ್ವ ಇಲ್ಲ, ಅಲ್ವಾ? ಅವಳು ಕಿಂಡಿಯ ಪಕ್ಕ ಒನಕೆ ಎತ್ತಿ ನಿಂತ ಪುಟವನ್ನು ನೀವು ಒಂದೇ ಮಧ್ಯಾಹ್ನದಲ್ಲಿ ಬರೆದಿದ್ದರೂ ಗೋಡೆಗೆ ಹಾಕಿಕೊಳ್ಳೋಕೆ ಜನ ಕೇಳುವುದು ಅದನ್ನೇ. ಇಷ್ಟು ವರ್ಷ ಫ್ರೇಮ್ ಹಾಕಿದ್ದೇನೆ, ಮನುಷ್ಯರ ಮುಖ ಇಲ್ಲದ ಕಾಮಿಕ್ಸ್ ಪುಟ ತಂದವರು ತೀರಾ ಕಡಿಮೆ.

ಭೀಮಸಮುದ್ರ ನಿಮಗೆ ಹತ್ತಿರವೇ. ಅಲ್ಲಿನ ಮಂಡಿಯಲ್ಲಿ ರಾಶಿ ಅಡಿಕೆಗೊಂದು ರೇಟು, ಬೆಟ್ಟೆಗೊಂದು, ಗೊರಬಲಿಗೊಂದು. ಒಂದೇ ತೋಟದ್ದು ತಾನೇ ಅಂತ ಎಲ್ಲಕ್ಕೂ ಒಂದೇ ರೇಟು ಹಾಕ್ತಾರಾ? ನೀವೂ 24 ಪುಟಗಳನ್ನು ನೆಲದ ಮೇಲೆ ಹರಡಿ, ಹಾಗೇ ವಿಂಗಡಿಸಿ.

ಮೊದಲು ಒಂದು ತಳದ ಬೆಲೆ ಬೇಕು. ಯಾರಾದರೂ ಬಂದು ಎ3 ಹಾಳೆಯಲ್ಲಿ ಇಂಕಿನ ಚಿತ್ರ ಬರೆದುಕೊಡಿ ಅಂದರೆ ನೀವು ಎಷ್ಟು ತಗೋತೀರಿ? 1500 ಅಂತಿಟ್ಟುಕೊಳ್ಳಿ. ಜನ ಮಾತಾಡುತ್ತಾ ನಿಂತಿರುವ ಸಾಧಾರಣ ಪುಟಕ್ಕೆ ಅದೇ ಬೆಲೆ. ಓಬವ್ವ ದೊಡ್ಡದಾಗಿ ಕಾಣುವ ಪುಟಕ್ಕೆ, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವ ಪುಟಕ್ಕೆ 3000. ಪೂರ್ತಿ ಪುಟಕ್ಕೆ ಒಂದೇ ಚಿತ್ರ ಇದ್ದರೆ 5000. ನಿಮ್ಮ ಕೋಟೆ ಇಲ್ಲಿಗೆ ಬರಬಹುದು, ಹೇಗೂ ದುರ್ಗದವರಿಗೆ ಕೋಟೆ ಅಂದರೆ ಆಸೆ. ಒನಕೆ ಎತ್ತಿದ ಪುಟ 10 ಸಾವಿರಕ್ಕಿಂತ ಕೆಳಗೆ ಬೇಡ. ನನ್ನನ್ನು ಕೇಳಿದರೆ ಅದನ್ನು ಈಗ ಮಾರಲೇಬೇಡಿ. ಬೆಂಗಳೂರಿನವರು ಕೇಳಿದ ಮೂರರಲ್ಲಿ ಅದು ಇದ್ದೇ ಇರುತ್ತದೆ, ಬೇಕಾದರೆ ನೋಡಿ. ಕೊಳ್ಳುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಅದು ಹೋದ ಮೇಲೆ ಉಳಿದ ಪುಟಗಳನ್ನು ಕೇಳುವವರೂ ಕಮ್ಮಿ ಆಗುತ್ತಾರೆ.

500 ರೂಪಾಯಿ ಅಂತೂ ಬೇಡವೇ ಬೇಡ. ನಾನು ಮೌಂಟ್ ಬೋರ್ಡ್, ಗಾಜು ಹಾಕಿ ಎ3 ಫ್ರೇಮ್ ಮಾಡಿದರೆ ಅದಕ್ಕಿಂತ ಜಾಸ್ತಿ ಬಿಲ್ ಆಗುತ್ತದೆ. ಚಿತ್ರಕ್ಕಿಂತ ಚೌಕಟ್ಟು ದುಬಾರಿ ಆಗಬಾರದು. ಇನ್ನೊಂದು ಕಾರಣವೂ ಇದೆ. ಬೆಲೆ ಏರಿಸುವುದು ಸುಲಭ, ಇಳಿಸುವುದು ಕಷ್ಟ ಅಂತ ಕೆಲವರು ಹೇಳುತ್ತಾರಲ್ಲ, ನಾನು ನೋಡಿದ್ದು ಎರಡೂ ಕಷ್ಟವೇ. ಇವತ್ತು 500ಕ್ಕೆ ಕೊಟ್ಟರೆ ನಾಳೆ ಜಾಸ್ತಿ ಕೇಳೋಕೆ ಆಗುವುದಿಲ್ಲ. ಇಳಿಸುವುದೂ ಹಾಗೇ. ಬೆಂಗಳೂರಿನ ಚಿತ್ರಸಂತೆಯಲ್ಲಿ ಬೆಳಿಗ್ಗೆ 3000ದ ಚೀಟಿ ಅಂಟಿಸಿ ಸಂಜೆ 800ಕ್ಕೆ ಕೊಟ್ಟರೆ, ಬೆಳಿಗ್ಗೆ ಕೊಂಡವರಿಗೆ ಗೊತ್ತಾಗದೆ ಇರುತ್ತದಾ? ಮೂರು ಪುಟ ಒಟ್ಟಿಗೆ ತಗೊಂಡರೆ ಸ್ವಲ್ಪ ಬಿಡಿ, ಅದು ವ್ಯಾಪಾರ. ನೆಂಟರು ಕೇಳಿದರೆ ಸುಮ್ನೆ ಕೊಟ್ಟುಬಿಡಿ, ಅರ್ಧ ಬೆಲೆಗೆ ಮಾತ್ರ ಮಾರಬೇಡಿ.

ಹಾಳೆಯ ಮೇಲೆ ಏನಿದೆ, ಏನಿಲ್ಲ ಅನ್ನೋದನ್ನು ಮೊದಲೇ ಹೇಳಿ. ನಿಮ್ಮ ಹಾಳೆಯಲ್ಲಿ ಮಾತಿನ ಗುಳ್ಳೆಗಳಿಲ್ಲ, ಬಣ್ಣವಿಲ್ಲ. ಪುಸ್ತಕ ನೋಡಿ ಆಸೆಪಟ್ಟವರಿಗೆ ಬರೀ ಕಪ್ಪು ಗೆರೆ ಕಂಡರೆ ಮೋಸ ಅನ್ನಿಸಬಹುದು. ಹಾಳೆಯ ಫೋಟೋ ಕಳಿಸಿಯೇ ಬೆಲೆ ಮಾತಾಡಿ. ಮಾತುಗಳನ್ನು ಪ್ರಿಂಟ್ ತೆಗೆದು ಈಗ ಫೆವಿಕಾಲ್ ಹಚ್ಚಿ ಅಂಟಿಸೋಕೆ ಹೋಗಬೇಡಿ. ಅದರ ಬದಲು ಪುಸ್ತಕದ ಒಂದು ಪ್ರತಿಗೆ ಸಹಿ ಹಾಕಿ ಜೊತೆಗೆ ಕೊಡಿ. ಅಂಚಿನಲ್ಲಿರುವ ಪೆನ್ಸಿಲ್ ಗುರುತು, ವೈಟ್ನರ್ ಇವನ್ನು ಅಳಿಸಬೇಡಿ. ಸಂಗ್ರಹ ಮಾಡುವವರಿಗೆ ಅದೇ ಇಷ್ಟ, ಕೈ ಎಲ್ಲೆಲ್ಲಿ ತಡವರಿಸಿತು ಅಂತ ಕಾಣುತ್ತದಲ್ಲ. ಇಂಡಿಯನ್ ಇಂಕ್ ಬಳಸಿದ್ದು ಒಳ್ಳೆಯದಾಯಿತು. ಸ್ಕೆಚ್ ಪೆನ್ನಿನಲ್ಲಿ ತುಂಬಿದ ಕಪ್ಪು ಬಿಸಿಲಿಗೆ ಕಂದು ತಿರುಗುತ್ತದೆ, ನಮ್ಮ ಕಡೆಯ ಬಿಸಿಲು ಗೊತ್ತಲ್ಲ.

ಕೊಡುವ ಮೊದಲು ಪ್ರತಿ ಪುಟವನ್ನೂ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಿ. ಬಿಲ್ಲಿನಲ್ಲಿ ಒಂದು ಸಾಲು ಬರೆಯಿರಿ: ‘ಮಾರಿದ್ದು ಮೂಲ ಹಾಳೆ ಮಾತ್ರ, ಅಚ್ಚು ಹಾಕುವ ಹಕ್ಕು ಚಿತ್ರಗಾರರದ್ದೇ.’ ಬರೆಯದಿದ್ದರೂ ಕಾನೂನು ನಿಮ್ಮ ಕಡೆಗಿದೆ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಲಿಖಿತ ಪತ್ರ ಬೇಕು. ಆದರೂ ಟೀ ಶರ್ಟಿನ ಮೇಲೆ ಓಬವ್ವ ಕಾಣಿಸಿಕೊಂಡ ಮೇಲೆ ಜಗಳ ಆಡುವುದಕ್ಕಿಂತ ಒಂದು ಸಾಲು ಬರೆಯುವುದು ಸಲೀಸು. ಅದೇ ಕಾಯ್ದೆಯ 53ಎ ಕಲಮಿನಲ್ಲಿ ಇನ್ನೊಂದು ವಿಷಯ ಇದೆ, ಬಹಳ ಚಿತ್ರಗಾರರಿಗೆ ಗೊತ್ತಿಲ್ಲ. ನಿಮ್ಮಿಂದ ಕೊಂಡವರು ಮುಂದೆ ಅದನ್ನು 10 ಸಾವಿರಕ್ಕಿಂತ ಹೆಚ್ಚಿಗೆ ಮಾರಿದರೆ ಅದರಲ್ಲಿ ನಿಮಗೂ ಪಾಲುಂಟು, ಹತ್ತು ಪರ್ಸೆಂಟ್ ಮೀರದಂತೆ. ಯಾರೂ ಮನೆಗೆ ತಂದುಕೊಡುವುದಿಲ್ಲ, ಕೇಳಿ ಪಡೆಯಬೇಕು. ಅದಕ್ಕೇ ಕೊಂಡವರ ಹೆಸರು, ವಿಳಾಸ ಒಂದು ನೋಟ್‌ಬುಕ್ಕಿನಲ್ಲಿ ಇರಲಿ.

ಕಳಿಸುವಾಗ ಸುರುಳಿ ಸುತ್ತಬೇಡಿ. ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿಟ್ಟು ಕಳಿಸಿ.

ಪ್ರಶ್ನೆ: ನಮ್ಮ ತಂದೆ 70ರ ದಶಕದಲ್ಲಿ ಒಂದು ವಾರಪತ್ರಿಕೆಗೆ ಕಾಮಿಕ್ಸ್ ಬರೆಯುತ್ತಿದ್ದರು. ಈಗ ಅವರಿಲ್ಲ. ಒಂದು ಟ್ರಂಕ್ ತುಂಬಾ ಹಾಳೆಗಳಿವೆ, ಅಂಚು ಹಳದಿಯಾಗಿದೆ. ಮಾರುವ ಮೊದಲು ಲ್ಯಾಮಿನೇಷನ್ ಮಾಡಿಸಲೇ?
– ಒಬ್ಬ ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಬೇಡ ಸ್ವಾಮಿ, ಖಂಡಿತ ಬೇಡ! ಲ್ಯಾಮಿನೇಷನ್ ಆದ ಹಾಳೆಯನ್ನು ಮತ್ತೆ ಬಿಡಿಸೋಕೆ ಆಗುವುದಿಲ್ಲ. ಬಿಸಿಗೆ ಇಂಕೂ ಹಾಳಾಗಬಹುದು, ಕೊಳ್ಳುವವರೂ ಮುಟ್ಟುವುದಿಲ್ಲ. ಹಳದಿ ಅಂಚು ಹಾಗೇ ಇರಲಿ, ವಯಸ್ಸಾದ ಕಾಗದ ಅಂದಮೇಲೆ ಅಷ್ಟು ಇರುತ್ತದೆ. ಸೆಲ್ಲೋಟೇಪ್ ಅಂಟಿಸಿದ್ದರೆ ನೀವೇ ಕೀಳಬೇಡಿ. ಟ್ರಂಕಿನಿಂದ ತೆಗೆದು ಒಂದೊಂದನ್ನೂ ಪಾಲಿಯೆಸ್ಟರ್ ಕವರಿನಲ್ಲಿ ಚಪ್ಪಟೆಯಾಗಿಡಿ.

ಬೆಲೆ ಆಮೇಲೆ. ಮೊದಲು ಆ ಚಿತ್ರಗಳು ಅಚ್ಚಾದ ಸಂಚಿಕೆಗಳನ್ನು ಹುಡುಕಿ, ಹಳೇ ಪೇಪರ್ ಅಂಗಡಿ, ಲೈಬ್ರರಿ ಎಲ್ಲ ಕಡೆ. ಯಾವ ವಾರ, ಯಾವ ಪುಟ ಅಂತ ತೋರಿಸಿದರೆ ಅದೇ ಹಾಳೆಗೆ ಒಳ್ಳೆಯ ಬೆಲೆ ಬರುತ್ತದೆ. ಕಾಪಿರೈಟ್ ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅದು ನಿಮ್ಮದೋ ಪತ್ರಿಕೆಯವರದೋ ಅನ್ನೋದು ನಿಮ್ಮ ತಂದೆಗೂ ಪತ್ರಿಕೆಯವರಿಗೂ ಆದ ಒಪ್ಪಂದದ ಮೇಲೆ ನಿಂತಿದೆ. ಆ ಕಾಲದ ಪತ್ರ, ಸಂಭಾವನೆಯ ಮನಿಯಾರ್ಡರ್ ಚೀಟಿ ಟ್ರಂಕಿನ ತಳದಲ್ಲಿ ಇದ್ದರೆ ಎಸೆಯಬೇಡಿ. ಅಣ್ಣ-ತಮ್ಮ, ಅಕ್ಕ-ತಂಗಿ ಇದ್ದರೆ ಮಾರುವ ಮೊದಲೇ ಎಲ್ಲರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತಗೊಳ್ಳಿ.