ಲಾಸನ್ ಕಥೆ ಮೊದಲು ಬಂದದ್ದು ‘ಬುಲೆಟಿನ್’ನಲ್ಲಿ

ಆಸ್ಟ್ರೇಲಿಯಾದ ಲೇಖಕ ಹೆನ್ರಿ ಲಾಸನ್ ಅವರ ‘ದ ಡ್ರೋವರ್ಸ್ ವೈಫ್’ ಕಥೆ ಮೊದಲು ಯಾವ ಪತ್ರಿಕೆಯಲ್ಲಿ ಬಂತು, ಆ ಸಂಚಿಕೆ ಈಗ ಸಿಗುತ್ತಾ ಅಂತ ಕೇಳಿದ್ದೀರಿ. ಸಿಡ್ನಿಯ ‘ದ ಬುಲೆಟಿನ್’ ವಾರಪತ್ರಿಕೆಯಲ್ಲಿ, 1892ರ ಜುಲೈನಲ್ಲಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣದಲ್ಲಿ ಹಳೇ ಪುಟಗಳನ್ನು ಪುಕ್ಕಟೆ ಓದಬಹುದು.

ಕಥೆಯಲ್ಲಿ ಒಬ್ಬ ಹೆಂಗಸಿನ ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದಾನೆ. ಮನೆಯಡಿ ಹಾವು ಸೇರಿಕೊಂಡಿದೆ. ಮಕ್ಕಳನ್ನು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿ, ನಾಯಿ ಜೊತೆ ಅವಳು ರಾತ್ರಿಯಿಡೀ ಕಾಯುತ್ತಾಳೆ. ಎಷ್ಟು ಸಲ ಓದಿದರೂ ಎದೆ ಹಿಂಡುತ್ತೆ.

ಇದೇ ಪತ್ರಿಕೆಯಲ್ಲಿ 1896ರಲ್ಲಿ ಬಂದ ಬಾರ್ಬರಾ ಬೇಂಟನ್ ಅವರ ‘ದ ಟ್ರ್ಯಾಂಪ್’ ಕಥೆ ಕೂಡ ಖಂಡಿತ ಓದಿ. ಅಲ್ಲೂ ಒಂಟಿ ಹೆಂಗಸೇ, ಆದರೆ ಹೆದರಿಕೆ ಹಾವಿನದಲ್ಲ, ಗಂಡಸಿನದು. ನನಗೆ ಅದೇ ಜಾಸ್ತಿ ತಟ್ಟಿತು.

ಕವಿತೆ ಬೇಕಿದ್ದರೆ 1892ರ ಸಂಚಿಕೆಗಳನ್ನೇ ತಿರುವಿ. ಹಳ್ಳಿಗಾಡಿನ ಬದುಕು ಹೇಗಿದೆ ಅಂತ ಲಾಸನ್ ಮತ್ತು ಇನ್ನೊಬ್ಬ ಆಸ್ಟ್ರೇಲಿಯನ್ ಕವಿ ಬ್ಯಾಂಜೋ ಪ್ಯಾಟರ್ಸನ್ ಪದ್ಯದಲ್ಲೇ ವಾದಕ್ಕಿಳಿದಿದ್ದಾರೆ.