ಇವತ್ತು ಏನು ತೆಗೆದೆ?

ಮೇ ತಿಂಗಳಲ್ಲಿ ಮಕ್ಕಳ ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಬರುವ ಅಪ್ಪ-ಅಮ್ಮಂದಿರ ದೂರು ಹೆಚ್ಚುಕಮ್ಮಿ ಒಂದೇ. "ಓದೋದು ಬಿಟ್ಟು ಕ್ಯಾಮೆರಾ ಹಿಡ್ಕೊಂಡು ಓಡಾಡ್ತಾನೆ, ಹೇಗಾದ್ರೂ ಬಿಡಿಸಿ." ಈ ಅಪ್ಪ ಬಂದಿದ್ದು ಉಲ್ಟಾ ದೂರು ಹೊತ್ತು. ಮಗ ಫೋಟೊ ತೆಗೆಯುವುದನ್ನು ಬಿಟ್ಟುಬಿಟ್ಟಿದ್ದಾನೆ, ಮತ್ತೆ ಹಿಡಿಸಬೇಕು! ಇಂಥವರು ಈಚೆಗೆ ಜಾಸ್ತಿ ಆಗುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ 15. ಮಲೆನಾಡಿನ ಹಳ್ಳಿ, ಅಡಿಕೆ ತೋಟ, ಹಂಚಿನ ಮನೆ. ಒಂಬತ್ತನೇ ಕ್ಲಾಸಿನಲ್ಲಿ ಅಮ್ಮನ ಮೊಬೈಲ್ ಹಿಡಿದು ಫೋಟೊ ತೆಗೆಯುವ ಹುಚ್ಚು ಹತ್ತಿತು. ಅಪ್ಪನಿಗೆ ಖುಷಿಯೋ ಖುಷಿ. ತಾವು ಹುಡುಗರಾಗಿದ್ದಾಗ ಯಾರದೋ ಯಾಶಿಕಾ ಕ್ಯಾಮೆರಾ ಕಡ ತಂದು, 36 ಫೋಟೊದ ರೀಲನ್ನು ಜೋಗದಲ್ಲೇ ಮುಗಿಸಿ ಬಂದರೆ, "ಇದ್ರಲ್ಲಿ ಮನೆಯವ್ರದ್ದು ಎಷ್ಟಿದೆ?" ಎಂದು ಕೇಳಿ ಅವರಪ್ಪ ಬಾರಿಸಿದ್ದರಂತೆ. ಮಗನಿಗೆ ಹಾಗಾಗಬಾರದು ಅಂತ 80 ಸಾವಿರದ ಕ್ಯಾಮೆರಾ, ಉದ್ದನೆ ಲೆನ್ಸ್, ಆನ್‌ಲೈನ್ ಕೋರ್ಸು, ಇನ್‌ಸ್ಟಾಗ್ರಾಂ ಪೇಜು ಎಲ್ಲ ಮಾಡಿಕೊಟ್ಟರು. ಆರು ತಿಂಗಳಿಗೆ ಹುಡುಗ ಕ್ಯಾಮೆರಾ ಮುಟ್ಟುವುದನ್ನೇ ನಿಲ್ಲಿಸಿದ. "ಡಿಪ್ರೆಶನ್ನಾ ಮೇಡಂ?" ಊಟ, ನಿದ್ದೆ, ಗೆಳೆಯರು, ಕ್ರಿಕೆಟ್ ಎಲ್ಲ ಸರಿಯಿತ್ತು. ನನಗೆ ಹಾಗನ್ನಿಸಲಿಲ್ಲ.

ಮೊದಲೆರಡು ಸಲ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಮೂರನೇ ಸಲ ಅಪ್ಪನನ್ನು ಹೊರಗೆ ಕೂರಿಸಿದೆ. ಕ್ಯಾಮೆರಾ ಬರುವುದಕ್ಕೆ ಮುಂಚಿನ ಫೋಟೊ ಇದ್ದರೆ ತೋರಿಸು ಎಂದೆ. ಅಮ್ಮನ ಮೊಬೈಲ್ ತೆಗೆದ.

ಬಚ್ಚಲುಮನೆ. ಮಾಡಿನ ಗಾಜಿನ ಹಂಚಿನಿಂದ ಬಿಸಿಲುಕೋಲು ಇಳಿದಿದೆ. ಒಲೆಯ ಹೊಗೆ ಅದಕ್ಕೆ ಸಿಕ್ಕಿ ಸುತ್ತುತ್ತಿದೆ. ಹಂಡೆಯ ಕಂಠದ ಹತ್ತಿರ ಒಂದೇ ಕಡೆ ತಾಮ್ರ ಹೊಳೆಯುತ್ತಿದೆ. ಮುಂದಿನ ಫೋಟೊ ಅದೇ. ಅದರ ಮುಂದಿನದೂ ಅದೇ. ಬೆರಳು ಸರಿಸುತ್ತಾ ಹೋದೆ, ನೂರರ ಮೇಲಿದ್ದವು.

"ಎಲ್ಲ ಒಂದೇ ಅಲ್ವಾ?" ಅಂದುಬಿಟ್ಟೆ.

ಹುಡುಗ ನೆಟ್ಟಗೆ ಕೂತ. "ಅಲ್ಲ ಮೇಡಂ. ಇದು ಹಸಿ ಕಟ್ಟಿಗೆ, ಹೊಗೆ ದಪ್ಪ. ಇದು ಒಣಗಿದ ಅಡಿಕೆ ಸಿಪ್ಪೆ, ತೆಳ್ಳಗೆ ಬರುತ್ತೆ. ಬಿಸಿಲು ಅಲ್ಲಿ ಹತ್ತೇ ನಿಮಿಷ ಇರೋದು. ದೀಪಾವಳಿ ಕಳೆದ್ಮೇಲೆ ಬೀಳೋ ಜಾಗಾನೇ ಬೇರೆ."

"ಹೊಸ ಕ್ಯಾಮೆರಾದಲ್ಲಿ ಇದನ್ನ ತೆಗೀಲಿಲ್ವಾ?"

"ಬಚ್ಚಲಿಗೆ ತಗೊಂಡು ಹೋಗೋ ಹಾಗಿಲ್ಲ. ಹೊಗೆಗೆ, ಹಬೆಗೆ ಹಾಳಾಗುತ್ತೆ ಅಂತಾರೆ. ಹಕ್ಕಿ ತೆಗಿ, ಲೈಕ್ ಬರುತ್ತೆ ಅಂತಾರೆ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಶಾಲೆಯಿಂದ ಬಂದ ಕೂಡ್ಲೆ ಅಪ್ಪ ಇವತ್ತು ಏನು ತೆಗೆದೆ ಅಂತ ಕೇಳ್ತಾರೆ. ಮೊದ್ಲು ತಿಂಡಿ ತಿಂದ್ಯಾ ಅಂತ ಕೇಳ್ತಿದ್ರು."

ಅಪ್ಪನಿಗೆ ನಾನು ಹೇಳಿದ್ದಿಷ್ಟು. ಮೂರು ತಿಂಗಳು ಫೋಟೊದ ಮಾತೇ ಎತ್ತಬೇಡಿ. ಪೇಜು ಮುಚ್ಚಿ, ಅದು ನೀವು ತೆರೆದಿದ್ದು. ಕ್ಯಾಮೆರಾ ಬಚ್ಚಲಿಗೆ ಹೋಗಿ ಹಾಳಾದರೂ ಆಗಲಿ ಅನ್ನುವ ಧೈರ್ಯ ಇದ್ದರೆ ಅವನ ಕೈಗೆ ಕೊಡಿ, ಇಲ್ಲದಿದ್ದರೆ ಬೀರುವಿನಲ್ಲಿಡಿ. ಅವನಿಗೆ ಅಮ್ಮನ ಮೊಬೈಲ್ ಸಾಕು.

"ಹಾಗಾದ್ರೆ ಪ್ರೋತ್ಸಾಹ ಕೊಡೋದೇ ತಪ್ಪಾ?" ಅವರಿಗೆ ಸಿಟ್ಟೇ ಬಂತು. ನನ್ನ ಸಹೋದ್ಯೋಗಿಯೊಬ್ಬರೂ ಆಮೇಲೆ ಇದನ್ನೇ ಕೇಳಿದರು, ಎಷ್ಟೋ ಮಕ್ಕಳಿಗೆ ಅಂಥ ಕ್ಯಾಮೆರಾ ಕನಸಲ್ವಾ ಅಂತ. ಕೊಡಿಸಲಿ, ಯಾರು ಬೇಡ ಅಂದರು? ಕೊಟ್ಟಿದ್ದಕ್ಕೆ ದಿನಾ ಲೆಕ್ಕ ಕೇಳುವುದಕ್ಕೆ ನನ್ನ ತಕರಾರು. 1973ರಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ನಡೆಸಿದ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ತಾವಾಗೇ ಇಷ್ಟಪಟ್ಟು ಚಿತ್ರ ಬಿಡಿಸುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ರಿಬ್ಬನ್ ಇರುವ ಸರ್ಟಿಫಿಕೇಟು ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ಮೇಲೆ ನೋಡಿದರೆ ಆ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಹೊತ್ತು ಉಳಿದವರದರ ಅರ್ಧದಷ್ಟಾಗಿತ್ತು. ಏನೂ ಹೇಳದೆ ಕೊನೆಗೆ ಸುಮ್ನೆ ಕೊಟ್ಟ ಮಕ್ಕಳಿಗೆ ಹಾಗಾಗಲಿಲ್ಲ.

ಇದನ್ನೆಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡಿದ್ದು ಅಷ್ಟಕ್ಕಷ್ಟೇ. "ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಫೋಟೊಗ್ರಫಿ ವಿಭಾಗ ಇದೆಯಂತಲ್ಲ, ಮುಂದೆ ಅಲ್ಲಿಗೇ ಸೇರಿಸ್ಲಾ?" ಇದೆ, ಅವನೇ ಕೇಳಿದರೆ ಸೇರಿಸಿ ಎಂದೆ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆದುಕೊಂಡು, ಬರೆದುಕೊಂಡೇ ಹಕ್ಕಿಗಳ ಫೋಟೊ ತೆಗೆದರು. ಜೀವಮಾನದ ಹುಚ್ಚೆಲ್ಲ ಹೊಟ್ಟೆಪಾಡು ಆಗಲೇಬೇಕಾ? 15ಕ್ಕೆ ಅದನ್ನು ತೀರ್ಮಾನಿಸುವುದಂತೂ ಬೇಡ.

ಏನೂ ನಾಟಲಿಲ್ಲ ಅನ್ನಿಸಿ, ಕೊನೆಗೆ ಒಂದು ಮಾತು ಹೇಳಿದೆ. "ಮನೆಯವ್ರದ್ದು ಎಷ್ಟಿದೆ ಅಂತ ನಿಮ್ಮಪ್ಪ ಕೇಳಿದ್ರು. ಲೈಕ್ ಎಷ್ಟಿದೆ ಅಂತ ನೀವು ಕೇಳ್ತಿದ್ದೀರಿ." ಹಾಗೆ ಹೇಳಬಾರದಿತ್ತೇನೋ, ಈಗಲೂ ಗೊತ್ತಿಲ್ಲ. ಅವರು ಏನೂ ಅನ್ನದೆ ಎದ್ದು ಹೋದರು.

ಜುಲೈನಲ್ಲಿ ಅವರದೇ ಫೋನು. ಜಡಿಮಳೆ ಹಿಡಿದಿದೆ, ಬೀರುವಿನಲ್ಲಿಟ್ಟ ಲೆನ್ಸಿಗೆ ಫಂಗಸ್ ಬರುತ್ತಂತೆ, ಏನು ಮಾಡಲಿ ಅಂತ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ ಎಂದೆ. ಮಗನನ್ನು ಏನಾದರೂ ಕೇಳಿದಿರಾ?

"ಇಲ್ಲ ಮೇಡಂ. ತಿಂಡಿ ತಿಂದ್ಯಾ ಅಂತ ಮಾತ್ರ."